ಒಳಮಗ್ಗುಲು

ಗುತ್ತಲು ರಸ್ತೆಯ ಹಳೇ ಆಲೆಮನೆಯಲ್ಲಿ
ಕೊಪ್ಪರಿಗೆ ಕುದಿಯುತ್ತಿದ್ದ ಜಾಗದಲ್ಲಿ
ಈಗ ಒಂದು ರೆಕ್ಕೆ ಮಲಗಿದೆ.
ಆಚೆ ಕೆಂಪೀರಯ್ಯ, ಗನ್ನು ಹಿಡಿದು.
ಈಚೆ ನಾನು, ಮೊಣಕೈವರೆಗೂ ಅಲ್ಯೂಮಿನಿಯಮ್ಮಿನೊಳಗೆ.
ಅವರ ಮುಖ ನನಗೆ ಕಾಣದು. ನನ್ನ ಕೈ ಅವರಿಗೆ.

ಸಕ್ಕರೆ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಫಿಟ್ಟರು.
ನನ್ನ ಹೊಲಿಗೆ ಅಂಗಡಿಗೆ ಬಂದು ಕೇಳಿದ್ದು ಇಷ್ಟೇ:
“ನಿಂಗಾಜಮ್ಮ, ನಿನ್ ಕೈ ಸಣ್ಣದು. ತಗಡು ಹೊಲೀಬೇಕು.
ಗಂಟೆಗೆ ನೂರಿಪ್ಪತ್ತು ಕೊಡ್ತೀನಿ.”

ನಗು ಬಂತು. ಬಂದು ನೋಡಿದರೆ ಹೊಲಿಗೆಯೇ.
ಗುಂಡುಪಿನ್ನಿನ ಬದಲು ಸ್ಪ್ರಿಂಗಿನ ಕ್ಲೀಕೋ,
ತಾಮ್ರದ ಬಣ್ಣದ್ದು, ತೂತಿಗೊಂದು ಕಚ್ಚಿ ನಿಂತು
ಎರಡು ತಗಡನ್ನು ಕಚ್ಚಾ ಹೊಲಿಗೆಯ ಹಾಗೆ ಹಿಡಿಯುತ್ತದೆ.
ಅಂಚಿಗೆ ಬಿಡಬೇಕಾದಷ್ಟು ಬಿಡದಿದ್ದರೆ
ತಗಡೂ ಜಾರ್ಜೆಟ್ಟಿನ ಹಾಗೆ ಬಿಟ್ಟುಕೊಳ್ಳುತ್ತದೆ.
ಕೊರೆದ ತೂತಿನ ಬಾಯಿಯ ಸಿಬಿರು ತೆಗೆಯಬೇಕು,
ಕಟರು ಇಟ್ಟು ಬೆರಳಲ್ಲೇ ಎರಡು ಸುತ್ತು.
ಮೂರಲ್ಲ.

ನನ್ನ ಪಾಲಿಗೆ ಬಂದದ್ದು ಒಂದು ಉಕ್ಕಿನ ಗಟ್ಟಿ,
ಕಬ್ಬರೆಯುವ ರೋಲರಿನ ಶಾಫ್ಟಿನಿಂದ ಕೊಯ್ದು
ಕನ್ನಡಿಯ ಹಾಗೆ ಉಜ್ಜಿದ್ದು. ಮುಕ್ಕಾಲು ಕೇಜಿ.
ರಿವೆಟ್ಟಿನ ಬಾಲಕ್ಕೆ ಅದನ್ನು ನೆಟ್ಟಗೆ ಒತ್ತಿ ಹಿಡಿದರೆ
ಅವರು ಆಚೆಯಿಂದ ತಲೆಗೆ ಹೊಡೆಯುತ್ತಾರೆ,
ಬಾಲ ನನ್ನ ಕೈಯೊಳಗೆ ಚಪ್ಪಟೆಯಾಗುತ್ತದೆ,
ಸಾಸಿವೆಗಿಂತ ದೊಡ್ಡದು, ಒಡೆದ ಕಡಲೆಬೇಳೆಗಿಂತ ಸಣ್ಣದು.
ಏಟು ಅವರದು. ಆಕಾರ ನನ್ನದು.

ಆ ಸದ್ದಿನಲ್ಲಿ ಮಾತು ನಿಲ್ಲುವುದಿಲ್ಲ,
ಅವರ ಕಿವಿಯನ್ನು ಕಾರ್ಖಾನೆ ಎಂದೋ ಇಟ್ಟುಕೊಂಡಿದೆ.
ಅದಕ್ಕೇ ತಟ್ಟುವುದು.
ಒಂದು ತಟ್ಟಿದರೆ ಸರಿ. ಎರಡಾದರೆ, ಇನ್ನೊಂದಿಷ್ಟು.
ಮೂರು ಅಂದರೆ ಕೆಟ್ಟಿತು, ಕೊರೆದು ತೆಗೀರಿ.
ಅವರು ಅಂಗೈಯನ್ನು ತಗಡಿನ ಮೇಲಿಟ್ಟು ಕೇಳಿಸಿಕೊಳ್ಳುತ್ತಾರೆ.
ಒಮ್ಮೆ ಗನ್ನು ಜಾರಿ ನುಣ್ಣನೆ ತಗಡಿನಲ್ಲಿ
ಬಿದಿಗೆ ಚಂದ್ರ ಮೂಡಿತು.
ಅವತ್ತು ಮಧ್ಯಾಹ್ನ ಅವರು ಮುದ್ದೆ ಮುಟ್ಟಲಿಲ್ಲ.

ಗೌರಿ ಹಬ್ಬಕ್ಕೆ ನಾಲ್ಕು ದಿನ. ಅಂಗಡಿಯಲ್ಲಿ ಹದಿನೇಳು ರವಿಕೆ ಬಾಕಿ.
ಹಿಂದಿನ ಸ್ಪಾರಿನ ಸಾಲು, ನಲವತ್ತೊಂದನೆಯದು.
ಗಟ್ಟಿ ಒಂದು ಕೂದಲು ಓರೆಯಾಯಿತು.
ಬಾಲ ಮಗ್ಗುಲಿಗೆ ಮಲಗಿಬಿಟ್ಟಿತು,
ಎಬ್ಬಿಸಲು ಹೋದರೆ ಗೋಡೆಗೆ ತಿರುಗುವ ಮಗುವಿನ ಹಾಗೆ.
ಬೆರಳಿಗೆ ಗೊತ್ತಾಯಿತು.
ಒಂದೇ ತಟ್ಟಿದೆ.

ರಾತ್ರಿ ಮೈಸೂರಿನ ಪ್ಯಾಸೆಂಜರು ಹೋಯಿತು, ಆಮೇಲೆ ಗೂಡ್ಸು.
ಕಂಕುಳಲ್ಲಿ ಬಿಟ್ಟ ರವಿಕೆಯನ್ನು ಬಿಚ್ಚಿ ಹೊಲಿದುಕೊಡುತ್ತೇನೆ,
ನಾಲೆಯ ಮೇಲೆ, ಗದ್ದೆಯ ಮೇಲೆ, ಅಷ್ಟೆತ್ತರದಲ್ಲಿ ಬಿಟ್ಟರೆ
ಯಾರ ಅಂಗಡಿಗೆ ತರುತ್ತಾರೆ?

ಬೆಳಿಗ್ಗೆ ಬೀಗ ತೆಗೆಯುವ ಮೊದಲೇ ಬಾಗಿಲಲ್ಲಿದ್ದೆ.
ಬಾಯಲ್ಲಿ ಬರಲಿಲ್ಲ. ರೆಕ್ಕೆಯೊಳಗೆ ಕೈಬಿಟ್ಟು
ನಲವತ್ತೊಂದರ ಪಕ್ಕ
ಮೂರು ಸಲ ತಟ್ಟಿದೆ.

ಕನ್ನಡಕ ಇಳಿಸಿಕೊಂಡರು. ತಲೆಯ ನಡುವಿಗೆ ಚುಕ್ಕಿ ಕುಟ್ಟಿ
ತಲೆಯಷ್ಟನ್ನೇ ಕೊರೆದು, ಅದನ್ನು ಎಗರಿಸಿ,
ಮಿಕ್ಕ ತುಂಡನ್ನು ಸಣ್ಣ ಏಟಿನಲ್ಲಿ ಒಳಕ್ಕೆ ದೂಡಿದರು.
ನನ್ನ ಅಂಗೈಗೆ ಬಿತ್ತು. ಇನ್ನೂ ಬೆಚ್ಚಗಿತ್ತು.
ತೂತು ಹಿಗ್ಗಿರಲಿಲ್ಲ, ಪುಣ್ಯಕ್ಕೆ.
“ಒಂದು ಸುಳ್ಳು ಹೇಳುದ್ರೆ
ಅಕ್ಕಪಕ್ಕದವು ಹೊರ್ತವೆ ಕನವ್ವ, ಒಂದಷ್ಟು ದಿವ್ಸ.”
ಅಷ್ಟೇ ಅಂದದ್ದು. ಆ ಗಂಟೆಗೂ ನೂರಿಪ್ಪತ್ತು ಕೊಟ್ಟರು.

ಇವತ್ತು ಮುಚ್ಚುವ ತಗಡು.
ಇಂಜಿನ್ನಿಗೆ ಇನ್ನೂ ದುಡ್ಡು ಹೊಂದಿಲ್ಲ.
ರವಿಕೆಯ ಒಳಮಗ್ಗುಲನ್ನು ತೊಟ್ಟವಳಾದರೂ
ಒಗೆಯುವಾಗ ಒಮ್ಮೆ ತಿರುಗಿಸಿ ನೋಡುತ್ತಾಳೆ.
ಇಲ್ಲಿ ಆರುನೂರ ಹನ್ನೆರಡು ಬಾಲ, ನನ್ನವು,
ಕತ್ತಲಲ್ಲಿ ಸಾಲಾಗಿ ಕೂತಿವೆ.
ಕೈ ಹೊರಗೆ ತೆಗೆದೆ. ತೂತಿನ ಅಂಚು ಒತ್ತಿ
ಮುಂಗೈ ಸುತ್ತ ಬಳೆಯಂಥ ಕೆಂಪು ಗೆರೆ.

ಗಟ್ಟಿ ಕೆಳಗಿಟ್ಟಾಗಿತ್ತು. ಬೆರಳಿನ ಅಂಗುಸ್ತಾನದಿಂದಲೇ
ಒಂದು ತಟ್ಟಿದೆ.

ಆಚೆಯಿಂದ ಸ್ವಲ್ಪ ಹೊತ್ತು ಏನೂ ಇಲ್ಲ.
ಆಮೇಲೆ ಎರಡು.

ಹೌದಲ್ಲ, ಬಲರೆಕ್ಕೆ ಬಾಕಿ.