ಎಡಗೈ

ಮಿಲ್ಲಿನ ಸೈರನ್ನು ಕೂಗುವ ಮೊದಲೇ
ಚೌಕಿಪೇಟೆಯ ನಮ್ಮ ಮನೆಯಲ್ಲಿ
ಎಡಗೈಗಳು ತೆರೆದುಕೊಳ್ಳುತ್ತಿದ್ದವು.
ಅಪ್ಪನದು ಹತ್ತಿಯ ಧೂಳು ಕೂತ ಗೀರುಗೀರು ಕೈ,
ಅವ್ವನದಕ್ಕೆ ಅರಿಸಿನ, ಅಣ್ಣನದಕ್ಕೆ ಇಂಕು.
ನನ್ನದು ಇನ್ನೂ ಚಿಕ್ಕದು,
ಲಿಂಗ ಕೂತರೆ ತುಂಬಿಹೋಗುತ್ತಿತ್ತು.
ಶಾಲೆಯಲ್ಲಿ ಎಡಗೈ ಚಾಚಿದರೆ ಪೆಟ್ಟು,
ನಮ್ಮ ಮನೆಯಲ್ಲಿ ಅದೇ ಗದ್ದುಗೆ.

"ರೆಪ್ಪೆ ಬಡಿಬ್ಯಾಡ," ಅನ್ನುತ್ತಿದ್ದಳು ಕೊಟ್ರವ್ವಜ್ಜಿ,
"ಕರಿಯದರ ಒಳಗೊಂದು ಬೆಳಕಿನ ಚುಕ್ಕಿ ಐತಿ, ನೋಡು."
ನೋಡುತ್ತಿದ್ದೆ.
ಕಿಟಕಿ ಕಾಣುತ್ತಿತ್ತು, ಕಿಟಕಿಯಾಚೆ
ಎದುರು ಮನೆಯ ತಂತಿಯ ಮೇಲೆ ಒಣಗುವ ಲಂಗ.
ಕಣ್ಣು ಉರಿದು ನೀರು ಬರುತ್ತಿತ್ತು.
ಅಜ್ಜಿ ಅದನ್ನು ಭಕ್ತಿ ಎಂದುಕೊಂಡು
ಒಂದು ತುಂಡು ಬೆಲ್ಲ ಹೆಚ್ಚಿಗೆ ಕೊಡುತ್ತಿದ್ದಳು.

ಹೆದರಿಸಿ ಸಾಕಿದವಳಲ್ಲ ಅವಳು.
ನಾನು ಮೈನೆರೆದಾಗ ಓಣಿಯ ಹೆಂಗಸರು ಮೂಲೆ ತೋರಿಸಿದರು;
ಅಜ್ಜಿ ಚಾಪೆ ಎಳೆದು ನಡುಮನೆಯಲ್ಲೇ ಹಾಸಿದಳು.
"ಲಿಂಗ ಕಟ್ಟಿದ ಮೈಗೆ ಎಂಥಾ ಮೈಲಿಗಿ?"
ಗುಡಿ ಯಾಕೆ, ಅಂದಳು.
ನಡುವೆ ಪೂಜಾರಿ ಯಾಕೆ, ಅಂದಳು.
ಅಜ್ಜೀ, ನೀನು ಒಂದೊಂದೇ ಕಂಬ ಕಿತ್ತೆ.
ನಾನು ಕಿತ್ತದ್ದು ಉಳಿದ ಒಂದನ್ನು, ಅಷ್ಟೆ.

ಅದೂ ನಾನಾಗಿ ಕೀಳಲಿಲ್ಲ.
ಹದಿನಾಲ್ಕನೆಯ ವಯಸ್ಸು, ಭದ್ರಾ ನಾಲೆಯ ಮೆಟ್ಟಿಲು,
ಕೌದಿ ಒಗೆಯಲು ಬಗ್ಗಿದಾಗ
ಕರಡಿಗೆಯ ಮುಚ್ಚಳ ಸಡಿಲಿತು.
ಬುಳಕ್ ಅನ್ನುವ ಸದ್ದೂ ಕೇಳಿಸಲಿಲ್ಲ.
ಲಿಂಗ ಕಳಕೊಂಡವರು ಪ್ರಾಣ ಬಿಡಬೇಕು;
ಅಜ್ಜಿಯ ಕತೆಗಳಲ್ಲಿ ಎಲ್ಲರೂ ಬಿಟ್ಟಿದ್ದರು.
ನಾನು ಮನೆಗೆ ಬಂದು ಎರಡು ರೊಟ್ಟಿ ತಿಂದೆ,
ನಾಚಿಕೆಯಿಲ್ಲದೆ ಮೂರನೆಯದನ್ನು ಕೇಳಿದೆ.
ರಾತ್ರಿಯೆಲ್ಲ ಎಚ್ಚರವಿದ್ದು ಸಾವಿಗೆ ಕಾದೆ.
ಬಂದದ್ದು ಸೈರನ್ನು.

ಹಿತ್ತಲಲ್ಲಿ ಅಂಟುವಾಳ ಒಣಗಿಸಿದ್ದರು.
ಒಂದನ್ನು ಒಡೆದು ಬೀಜ ತೆಗೆದು ಒರೆಸಿದೆ:
ಕರಿಯದು, ದುಂಡಗೆ, ಮಿರಿಮಿರಿ.
ಕರಡಿಗೆಗೆ ಹಾಕಿದೆ. ಅಂಗೈಯಲ್ಲಿಟ್ಟು ಕೂತೆ.
(ಪೂಜೆಯ ಹೊತ್ತಿಗೆ ಯಾರೂ
ಇನ್ನೊಬ್ಬರ ಕೈ ನೋಡುವುದಿಲ್ಲ.)
ಅದರಲ್ಲೂ ಅದೇ ಕಿಟಕಿ.
ಅದೇ ಚುಕ್ಕಿ. ಕಣ್ಣಲ್ಲಿ ಅದೇ ನೀರು.
ಎರಡು ವರ್ಷ ಸೋಪಿನ ಬೀಜಕ್ಕೆ
ಪತ್ರಿ ಏರಿಸಿದೆ, ಭಸ್ಮ ಹಚ್ಚಿದೆ.
ಅಜ್ಜಿಗೆ ಕಣ್ಣಲ್ಲಿ ಪೊರೆ ಬಂದಿತ್ತು. ಎಷ್ಟು ಕಂಡಿತೋ,
ನಾನು ಕೇಳಲಿಲ್ಲ.
ಬೆಲ್ಲ ಒಂದು ದಿನವೂ ತಪ್ಪಲಿಲ್ಲ.

ಈಗ ಆಸ್ಪತ್ರೆಯ ರಕ್ತನಿಧಿಯಲ್ಲಿ ರಾತ್ರಿಪಾಳಿ.
ಜೊತೆಗೆ ಮುಬೀನಾ, ನಮಾಜು ಬಿಟ್ಟು ಹನ್ನೆರಡು ವರ್ಷ.
ಆದರೂ ನಸುಕಿನ ಬಾಂಗು ಕೇಳಿದೊಡನೆ
ಅವಳ ಕೈ ತಾನಾಗಿ ತಲೆಗೆ ಹೋಗುತ್ತದೆ
ಇಲ್ಲದ ದುಪಟ್ಟಾ ಹುಡುಕಿಕೊಂಡು.
ನಾನೋ, ಕಸದ ಚೀಲವನ್ನು ಎಡಗೈಯಲ್ಲಿ ಎತ್ತಲಾರೆ.
"ನಿಂದು ಕೈ, ನಂದು ತಲಿ," ಅನ್ನುತ್ತಾಳೆ.
ನಗುತ್ತೇವೆ. ಚಹಾ ಕೆನೆ ಕಟ್ಟುತ್ತದೆ.
ಫ್ರಿಜ್ಜಿನಲ್ಲಿ ಯಾರ ಕುಲವೂ ಬರೆಯದ ಬಾಟಲಿಗಳು,
ಎ, ಬಿ, ಓ ಎಂದಷ್ಟೇ.

ಹೋದ ಕಾರ್ತೀಕದಲ್ಲಿ ಅಜ್ಜಿ ತೀರಿಕೊಂಡಳು.
ಗೋಡೆಗೆ ಒರಗಿಸಿ ಕೂರಿಸಿದ್ದರು, ಬಾಯಿಗೆ ವಸ್ತ್ರ ಬಿಗಿದು.
"ಸಾಕಿದ ಮೊಮ್ಮಗಳೇ ಇಡಲಿ," ಅಂದರು ಅಯ್ಯನವರು.
ಅಣ್ಣ ನನ್ನ ಮುಖ ನೋಡಿದ,
ಇವಳು ಏನಾದರೂ ಅಂದಾಳು ಎಂಬ ಭಯದಲ್ಲಿ.
ನಾನು ಏನೂ ಅನ್ನಲಿಲ್ಲ.
ಅವಳ ಎಡ ಅಂಗೈ ಬಿಡಿಸಿ ಲಿಂಗವಿಟ್ಟೆ.
ತುಸು ಓರೆಯಾಗಿತ್ತು, ಸರಿಮಾಡಿದೆ.
ಸೆಟೆದ ಬೆರಳುಗಳನ್ನು ಒಂದೊಂದಾಗಿ ಮಡಿಸಿದೆ,
ನಂಬಿದವರು ಯಾರೂ ಅಷ್ಟು ಹೊತ್ತು ತಗೊಳ್ಳುತ್ತಿರಲಿಲ್ಲ.

ದೇಹದಾನದ ಫಾರ್ಮಿಗೆ ಸಹಿ ಹಾಕಿದ್ದೇನೆ.
ಇದೇ ಊರಿನ ಕಾಲೇಜಿನಲ್ಲಿ, ಫಾರ್ಮಲಿನ್ ವಾಸನೆಯ ನಡುವೆ,
ಯಾವಳೋ ಒಬ್ಬ ಹುಡುಗಿ ನನ್ನ ಎಡಗೈ ಮಲಗಿಸಿ
ಚರ್ಮ ಸರಿಸುತ್ತಾಳೆ: ನರ, ಸ್ನಾಯು,
ನಟ್ಟನಡುವೆ ಒಂದು ಗುಳಿ.
ಅದಕ್ಕೊಂದು ಲ್ಯಾಟಿನ್ ಹೆಸರಿದೆ.
ಅವಳು ಪರೀಕ್ಷೆಗೆಂದು ಬಾಯಿಪಾಠ ಮಾಡುತ್ತಾಳೆ,
ರೆಪ್ಪೆ ಬಡಿಯದೆ.