ಆಗಮ ಸಂಧಿ

ಆಲೂರು ದಾಟಿದ ಮೇಲೆ ಹಳ್ಳಕ್ಕೊಂದು ಸೇತುವೆ.
ಹೆಸರಿಲ್ಲ, ನಂಬರಿದೆ.
ಮೂರು ಅಂಕಣ, ನಾಲ್ಕು ಸಂದು.
ನನ್ನ ನೌಕರಿಯ ಮೊದಲ ವರ್ಷ
ಆ ನಾಲ್ಕು ಸಂದುಗಳಲ್ಲೇ ಕಳೆಯಿತು.

ಸಂಧಿ ಮೂರು ಬಗೆ ಅಂತ ಎಂಟನೇ ಕ್ಲಾಸಿನಲ್ಲಿ
ಬೆರಳು ಮಡಚಿ ಒಪ್ಪಿಸಿದ್ದೆ:
ಲೋಪ, ಆಗಮ, ಆದೇಶ.
ಇಲ್ಲಿ ಮಂಡಿಯೂರಿ ನೋಡಿದರೆ
ಲೋಪ ಕಣ್ಣೆದುರೇ ಇತ್ತು,
ರಬ್ಬರು ಪಟ್ಟಿ ಒಂದೂವರೆ ಮಾರು ಇರಲೇ ಇಲ್ಲ.
ಆದೇಶ ಫೈಲಿನಲ್ಲಿತ್ತು:
‘ಬಿರುಕಿಗೆ ಟಾರು ತುಂಬಿ ಮುಚ್ಚತಕ್ಕದ್ದು.’

ಬಿರುಕಲ್ಲ ಸ್ವಾಮಿ, ಬಿಟ್ಟ ಜಾಗ.

ಜವರಯ್ಯನಿಗೆ ಸ್ಕೇಲು ಬೇಡ.
ಸಂಕ್ರಾಂತಿಯ ಮುಂಜಾನೆ ಎರಡು ಹೆಬ್ಬೆರಳು,
ಯುಗಾದಿ ಕಳೆದ ಮಧ್ಯಾಹ್ನ ಒಂದೂವರೆ.
‘ಮಗ್ಗುಲು ಬದಲಾಯಿಸ್ತದೆ ಕಣವ್ವ ಇದು.
ಬಂಡೆ ಅನ್ಕೊಂಡ್ರಾ? ಜಾಗ ಬುಡಿ.’

ಕೊಕ್ಕೆ ಹಾಕಿ ಅವನು ಸಂದಿನಿಂದ ಎಳೆದದ್ದು
ಜಲ್ಲಿ, ಬಾಟ್ಲಿ ಮುಚ್ಚಳ, ಕಾಫಿ ಹೊಟ್ಟು,
ಹಸಿರು ಬಳೆಯ ಚೂರು,
ಅರ್ಧ ಹರಿದ ಧರ್ಮಸ್ಥಳದ ಟಿಕೇಟು,
ಆಮೇಲೆ, ಹೊಸ ನಾಣ್ಯದ ಹಾಗೆ ಹೊಳೆಯುತ್ತಾ, ಏನೋ.
ಬಿಸಿಲಿಗೆ ಹಿಡಿದು ನೋಡಿದ. ಮೀನಿನ ಪೊರೆ.

ಕೆಳಗಿಳಿದೆವು.
ಕಂಬದ ನೆತ್ತಿಯಿಂದ ಕಂದು ನೀರಿನ ಗೆರೆ,
ಎಲೆಯಡಿಕೆ ಜಗಿದವರ ಕಟಬಾಯಿಯಂತೆ.
ಚಕ್ಕೆ ಎದ್ದ ಕಡೆ ಕಬ್ಬಿಣ ಕಾಣುತ್ತಿತ್ತು.
ತುಕ್ಕು ಅಂದರೆ ಸವೆಯುವುದು ಅಂದುಕೊಂಡಿದ್ದೆ.
ಅಲ್ಲ, ಉಬ್ಬುತ್ತದೆ.
ತಾನಿದ್ದ ಜಾಗದ ಎರಡರಷ್ಟು ಕೇಳುತ್ತದೆ, ಮೂರರಷ್ಟು ಕೇಳುತ್ತದೆ,
ಕೊಡದಿದ್ದರೆ ಒದ್ದು ತೆಗೆದುಕೊಳ್ಳುತ್ತದೆ.

ಮೇಲಿಂದ ತೊಟ್ಟಿಕ್ಕಿದ ಹನಿಯನ್ನು
ನಾನು ಬೇಡ ಅನ್ನುವುದರೊಳಗೆ
ಜವರಯ್ಯ ನಾಲಿಗೆಗೆ ಮುಟ್ಟಿಸಿಕೊಂಡ.
‘ಉಪ್ಪು.’
ಸ್ವಲ್ಪ ಹೊತ್ತು ಸುಮ್ಮನಿದ್ದು,
‘ನಾ ಕಡ್ಲು ಕಂಡೋನಲ್ಲ ಕಣವ್ವ.
ಅದೇ ಬಂದದೆ ನೋಡು, ನಮ್ಮ ಹಳ್ಳದ ಗಂಟ.’

ರಾತ್ರಿ ಮಂಗಳೂರಿನ ಧಕ್ಕೆ ಬಿಟ್ಟ ಲಾರಿ
ಶಿರಾಡಿ ಹತ್ತಿ, ಸಕಲೇಶಪುರ ದಾಟಿ,
ಬಂಗುಡೆಯ ಕೆಳಗೆ ಐಸು ಕರಗಿಸುತ್ತಾ
ನಾಲ್ಕು ಗಂಟೆಗೆ ಇಲ್ಲಿ.
ಸಂದಿಗೆ ಚಕ್ರ ಇಳಿದಾಗ ಒಂದು ಕುಲುಕು,
ಒಂದು ಚೊಂಬು ಅರಬ್ಬೀ ಸಮುದ್ರ.
ವ್ಯಾಕರಣದಲ್ಲಾದರೆ ನಡುವೆ ಯಕಾರ ಬರುತ್ತದೆ, ವಕಾರ ಬರುತ್ತದೆ.

ಆದೇಶಕ್ಕೆ ಮೂರು ಸಲ ಉತ್ತರ ಬರೆದೆ.
ನಾಲ್ಕನೆಯ ಸಲ ಹಾಸನದ ಆಫೀಸಿಗೆ
ಆ ಪೊರೆಯನ್ನೇ ಪಿನ್ನು ಚುಚ್ಚಿ ಕಳಿಸಿದೆ.
ದುಡ್ಡು ಬಂತು.
ಮೀನಿನ ವಾಸನೆಗೋ, ಮಾರ್ಚಿ ಮುಗಿಯುತ್ತಿತ್ತು ಅಂತಲೋ,
ಇವತ್ತಿಗೂ ಗೊತ್ತಿಲ್ಲ.

ತಂತಿ ಬ್ರಷ್ಷಿನಲ್ಲಿ ಉಜ್ಜಿದೆವು, ಸರಳು ಬೆಳ್ಳಗಾಗುವ ತನಕ.
ಸತುವಿನ ಬಣ್ಣ ಬಳಿದೆವು, ಕಿತ್ತು ಹೋದಲ್ಲಿ ಗಾರೆ ತುಂಬಿದೆವು,
ಬಿದ್ದ ನೀರು ಕಂಬ ಮುಟ್ಟದೆ ಹೋಗಲು
ಸಂದಿನ ಕೆಳಗೆ ಓರೆಯಾಗಿ ಒಂದು ದೋಣಿ.
ರಬ್ಬರು ಕೂರಿಸಿದ್ದು ನಸುಕಿನಲ್ಲಿ,
ಸೇತುವೆ ಪೂರ್ತಿ ಎಚ್ಚರಾಗುವ ಮುಂಚೆ.
ನಾನು ಥರ್ಮಾಮೀಟರು ಹಿಡಿದಿದ್ದೆ,
ಅವನು ಅಂಗೈ ಊರಿದ್ದ.
ಇಬ್ಬರೂ ಒಟ್ಟಿಗೇ ‘ಈಗ’ ಅಂದೆವು.

ಆಮೇಲೆ ಬಸ್ಸುಗಳು ಹೋದವು. ಸದ್ದೇ ಇಲ್ಲ.
ದಡಲ್ ಇಲ್ಲ, ಗಲ್ ಇಲ್ಲ.

ವಾರ ಕಳೆದಿರಲಿಲ್ಲ,
ಸೇತುವೆ ಬದಿಯ ಟೀ ಅಂಗಡಿಯ ಸಫೂರಾಬಿ
ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು:
‘ಏನು ಮಾಡಿಟ್ರಿ ಮೇಡಮ್ಮೋರೆ?
ಹನ್ನೊಂದು ವರ್ಸದಿಂದ ಮೀನಿನ ಲಾರಿ ದಡಲ್ ಅಂದ್ರೆ
ಎದ್ದು ಸ್ಟೌ ಹಚ್ತಿದ್ದೆ.
ಮೂರು ದಿನ ಆಯ್ತು, ಹಾಲಿನೋನು ಬಾಗಿಲು ಬಡೀತಾನೆ.’

ಜವರಯ್ಯ ಗ್ಲಾಸು ಕೆಳಗಿಟ್ಟು,
ಸ್ಪ್ಯಾನರು ತೊಡೆಗೆ ಒರೆಸಿಕೊಳ್ಳುತ್ತಾ
ನನ್ನ ಕಡೆ ನೋಡದೆ ಕೇಳಿದ:
‘ಅತ್ಲಾಗಿನ ಬೋಲ್ಟು, ಒಂದೇ ಒಂದು,
ಅರ್ಧ ಸುತ್ತು ಸಡ್ಲ ಮಾಡ್ಲೇನವ್ವ?’