ಕೈ ಎಲ್ಲಿಡುವುದು

ಬಜಾಲಿನ ಅಂಗನವಾಡಿಯಲ್ಲಿ, ಗೋಡೆಯ ಅ ಆ ಇ ಈ ಕೆಳಗೆ,
ಮಕ್ಕಳ ಕುರ್ಚಿಯಲ್ಲಿ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು
ನಾವು ಹನ್ನೊಂದು ಮಂದಿ ಹೆಂಗಸರು
ಮಾತಾಡಲು ಕಲಿಯುತ್ತಿದ್ದೇವೆ.
ನಗಬೇಡಿ. ನಾವೇ ಬೇಕಾದಷ್ಟು ನಕ್ಕಾಗಿದೆ.

ಸಂಘದವರು ಕಳಿಸಿದ ಟೀಚರು ಸಣ್ಣ ಪ್ರಾಯದವಳು,
ಹೆಸರು ಶ್ರಾವ್ಯ, ಸ್ವರ ತೊಳೆದಿಟ್ಟ ಸ್ಟೀಲು ಲೋಟ.
"ಎದ್ದು ನಿಲ್ಲಿ. ನಿಮ್ಮ ಬಗ್ಗೆ ಮೂರು ವಾಕ್ಯ."
ಒಂದು ಹೇಳಿದೆ: ನನ್ನ ಹೆಸರು ವಾರಿಜ.
ಎರಡನೆಯದಕ್ಕೆ ಗಂಡನ ಹೆಸರು ಬಂತು.
ಮೂರನೆಯದು ಬರಲೇ ಇಲ್ಲ.
ಹಿಂದಿನಿಂದ ಮೈಮೂನ ಪಿಸುಗುಟ್ಟಿದಳು:
"ಬೀಡಿ ಕಟ್ಟುತ್ತೇನೆ ಅಂತ ಹೇಳು ಮಾರಾಯ್ತಿ."
ಅದು ನನ್ನ ಬಗ್ಗೆ ಅಂತ
ನನಗೆ ಹೊಳೆದೇ ಇರಲಿಲ್ಲ.

ಮನೆಯಲ್ಲಿ ನಾನೇನು ಮೂಕಿಯಲ್ಲ.
ತುಳುವಿನಲ್ಲಿ ಬೈದರೆ ಬಾವಿಕಟ್ಟೆಯ ಕಾಗೆ ಹಾರಬೇಕು.
ನಾಲ್ಕು ಜನರ ಎದುರು ಮಾತ್ರ ಕನ್ನಡ ಬೇಕು,
ಶಾಲೆಯ ಕನ್ನಡ, ಇಸ್ತ್ರಿ ಹಾಕಿದ್ದು,
ಮದುವೆಗಷ್ಟೇ ಹೊರಗೆ ತೆಗೆಯುವ ಸೀರೆಯ ಹಾಗೆ
ಮಡಿಕೆಯಲ್ಲೇ ಹರಿದಿರುತ್ತದೆ ಅದು.
"ತಮ್ಮೆಲ್ಲರಲ್ಲಿ ನಾನು" ಅಂತ ಸುರು ಮಾಡಿ
"ದಾದ ಪಣ್ಪುನಿ" ಅಂತ ಕೂತುಬಿಟ್ಟೆ.

ಅದಕ್ಕಿಂತ ದೊಡ್ಡ ತೊಂದರೆ ಕೈಯದ್ದು.
"ಸಹಜವಾಗಿ ಬಿಡಿ" ಅಂದಳು ಹುಡುಗಿ.
ಸಹಜ ಅಂದರೆ ಎಂತ?
ಹದಿಮೂರನೆಯ ವರ್ಷಕ್ಕೆ ಅಮ್ಮ ಮಡಿಲಲ್ಲಿ ತಡ್ಪೆ ಇಟ್ಟ ಮೇಲೆ
ಈ ಕೈಗಳು ಬರಿದಾಗಿ ಕೂತದ್ದು
ಎರಡು ಬಾಣಂತನ, ಒಂದು ಟೈಫಾಯ್ಡು, ಅಷ್ಟೆ.
ನಳ್ಳಿನೀರಿನ ಬಗ್ಗೆ ಎರಡು ನಿಮಿಷ ಮಾತಾಡು ಅಂದಾಗ
ಹೆಬ್ಬೆರಳು ತೋರುಬೆರಳು ತಮ್ಮಷ್ಟಕ್ಕೆ ತಾವು
ಇಲ್ಲದ ಎಲೆಯನ್ನು ಸುರುಳಿ ಸುತ್ತಿ,
ಬಾಯಿ ಮಡಚಿ, ನೂಲು ಹಾಕುತ್ತಿದ್ದವಂತೆ.
ಸೆವ್ರಿನ್ ಬಾಯಿ ಲೆಕ್ಕ ಇಟ್ಟಿದ್ದಳು:
"ಭಾಷಣ ಎಂತದ್ದೋ ತಿಳಿಯಲಿಲ್ಲ. ಬೀಡಿ ಐದೂವರೆ."

ಪಡೀಲಿನ ಕಡೆಯಿಂದ ರೈಲು ಬಂದರೆ
ಅಂಗನವಾಡಿಯ ಕಿಟಕಿ ಹಲ್ಲು ಕಡಿಯುತ್ತದೆ.
ನಾನು ಸ್ವರ ಏರಿಸಿದೆ. ಗೂಡ್ಸು ನನಗಿಂತ ಉದ್ದ.
"ಕೂರಬೇಡಿ" ಅಂದಳು ಶ್ರಾವ್ಯ, "ನಿಂತೇ ಇರಿ.
ಯಾರದಾದರೂ ಮುಖ ನೋಡಿ. ಅದು ಹೋಗುತ್ತದೆ, ನೀವಿರುತ್ತೀರಿ."
ಐವತ್ತೆಂಟು ಡಬ್ಬಿ ಹೋಗುವ ತನಕ
ಮೈಮೂನಳ ಮುಖ ನೋಡುತ್ತ ನಿಂತೆ.
ಇಪ್ಪತ್ತು ವರ್ಷದ ನೆರೆಮನೆಯವಳು,
ಎಡಗಣ್ಣಿನ ಕೆಳಗೆ ಮಚ್ಚೆ ಉಂಟು ಅಂತ
ಅವತ್ತು ಕಂಡೆ.

ಶನಿವಾರ ಬ್ರಾಂಚಿನಲ್ಲಿ
ಅದೇ ಮೇಜು, ಅದೇ ಬುಟ್ಟಿ, ಅದೇ ಲೋಕಯ್ಯಣ್ಣ.
ಕಟ್ಟು ಬಿಚ್ಚಿ ಒಂದು ಹಿಡಿ ಎತ್ತಿ, ನೋಡದೆಯೇ,
"ಇದು ಆಗುವುದಿಲ್ಲ" ಅಂತ ಬುಟ್ಟಿಗೆ ಎಸೆಯುವುದು
ಅವನಿಗೆ ವೀಳ್ಯ ಹಾಕಿಕೊಂಡಷ್ಟೇ ಸಲೀಸು.
ನಮಗೆ ತಲೆ ತಗ್ಗಿಸುವುದೂ.

ನಿಂತೆ.
ಪಾದ ಎರಡೂ ನೆಲಕ್ಕೆ. ಉಸಿರು ಹೊಟ್ಟೆಯ ತನಕ.
"ಲೋಕಯ್ಯಣ್ಣ, ನನ್ನ ಹೆಸರು ವಾರಿಜ."
"ಗೊತ್ತುಂಟಲ್ಲ" ಅಂದ, ಸ್ವಲ್ಪ ಗಾಬರಿಯಾಗಿ.
"ನಾನು ಬೀಡಿ ಕಟ್ಟುವವಳು."
"ಅದೂ ಗೊತ್ತುಂಟು, ಎಂತ ಆಯ್ತು ನಿನಗೆ?"
"ಬುಟ್ಟಿಯದ್ದು ಒಂದೊಂದೇ ತೋರಿಸಿ."

ಆಮೇಲೆ ಬಾಯಿ ಮುಚ್ಚಿದೆ. ರೈಲು ಇರಲಿಲ್ಲ,
ಆದರೂ ಒಂದು ಗೂಡ್ಸು ದಾಟುವಷ್ಟು ಹೊತ್ತು
ಅವನ ಮುಖ ನೋಡಿದೆ.
ಸಾಲಿನಲ್ಲಿ ಯಾರೋ ಕೆಮ್ಮಿದರು.
ಕ್ಯಾಲೆಂಡರಿನ ಹಾಳೆ ಫ್ಯಾನಿಗೆ ಎದ್ದು ಎದ್ದು ಬೀಳುತ್ತಿತ್ತು.
ಅವನು ಬುಟ್ಟಿಗೆ ಕೈ ಹಾಕಿದ. ಮೇಜಿನ ಮೇಲೆ ಹರಡಿದ.
ಮೂವತ್ತೊಂದು.
ನಾಲ್ಕು ನಿಜಕ್ಕೂ ಸಡಿಲ, ಒಪ್ಪಿಕೊಂಡೆ,
ಹಿಂದಿನ ರಾತ್ರಿ ಮಗಳಿಗೆ ಜ್ವರ ಇತ್ತು.
ಇಪ್ಪತ್ತೇಳು ಲೆಕ್ಕಕ್ಕೆ ವಾಪಸು ಬಂತು.

ಚಪ್ಪಾಳೆ ಗಿಪ್ಪಾಳೆ ಏನಿಲ್ಲ.
ಸೆವ್ರಿನ್ ಬಾಯಿ ಮಾತ್ರ ಹೊರಗೆ ಬಂದು ಕೇಳಿದಳು:
"ಆಗ ಕೈ ಎಲ್ಲಿತ್ತು ಮಾರಾಯ್ತಿ?"
ಎರಡನ್ನೂ ತಿರುಗಿಸಿ ಮುರುಗಿಸಿ ನೋಡಿದೆ.
ಎಲ್ಲಿತ್ತೋ.
ನೆನಪಿಲ್ಲ.